ಹುಲಿಗೆಕ್ಕನ ಎದುರು ಗೋಡೆ

ಬ್ರಷ್ ಹಿಡಿಯೋದು ಕಲಿಯೋಕೆ ಬರೋ ಹುಡುಗ ಹುಡುಗಿಯರು ನನ್ನನ್ನ ಮೊದಲು ಕೇಳೋದು ಬಣ್ಣದ ವಿಷಯ. ಯಾವ ಕಂಪನಿ ಬಣ್ಣ ಚಲೋ, ಹೊರಗಿನ ಗೋಡೆಗೆ ಯಾವುದು ತಾಳ್ತದೆ, ಇಂಥವೇ. ನಾನು ಹೇಳ್ತೀನಿ: ಲೇ ತಮ್ಮಾ, ಬಣ್ಣ ಅಂಗಡ್ಯಾಗ ಸಿಗತೈತಿ, ಮೊದಲು ಹೋಗಿ ಎದುರು ಮನಿಯವರನ್ನ ಮಾತಾಡಿಸಿ ಬಾ. ಗೋಡೆ ಯಾರದ್ದೇ ಆಗಿರಲಿ, ಬೆಳಗ್ಗೆ ಎದ್ದು ಅದರ ಮುಖ ನೋಡೋರು ಎದುರು ಮನೆಯವರು. ಈ ಒಂದು ಮಾತು ತಿಳಿಯೋಕೆ ನನಗೆ ಅರ್ಧ ಆಯಸ್ಸು ಬೇಕಾಯ್ತು. ನಿಮಗೆ ಪುಕ್ಕಟೆ ಹೇಳ್ತಾ ಇದೀನಿ, ಕೇಳಿಸಿಕೊಳ್ರಿ.

ನಾನು ಪಂಪಾಪತಿ. ಹೊಸಪೇಟೆ ಲಾರಿ ಸ್ಟ್ಯಾಂಡಿನಲ್ಲಿ ಪೇಂಟರ್ ಪಂಪಣ್ಣ ಅಂದ್ರೆ ಈಗಲೂ ಹಳಬರು ಚಹಾ ಕುಡಿಸಿಯೇ ಕಳಿಸ್ತಾರೆ. ಅಂಗಡಿ ಬೋರ್ಡು, ಲಾರಿ ಬಾಡಿ, ಚುನಾವಣೆ ಗೋಡೆಬರಹ, ಮದುವೆ ಮನೆ ಬಾಗಿಲ ಮೇಲಿನ ಗಂಡು ಹೆಣ್ಣಿನ ಹೆಸರು, ಎಲ್ಲಾ ಬರೆದೀನಿ. ಈಗ ಕೈ ನಡುಗ್ತದೆ. ನೆಟ್ಟಗಿರೋ ಗೆರೆ ಎಳೆಯೋಕೆ ಹೋದ್ರೆ ಹೊಳೆ ಹರಿದಂಗೆ ಆಗ್ತದೆ, ಅದಕ್ಕೇ ಬ್ರಷ್ ಕೆಳಗಿಟ್ಟೆ. ಬಾಯಿ ಮಾತ್ರ ಇನ್ನೂ ಗಟ್ಟಿ ಐತಿ.

ನನ್ನ ಗುರುಗಳು ಈರಣ್ಣ ಮೇಸ್ತ್ರಿ. ಭಾಳ ಸಿಟ್ಟಿನ ಮನುಷ್ಯ. ಅಕ್ಷರ ಬರೆಯುವಾಗ ಕೈಗೆ ಆಸರೆ ಕೊಡೋಕೆ ಒಂದು ಕೋಲು ಇಟ್ಟುಕೊಳ್ತೀವಲ್ಲ, ಅವರ ಕೋಲು ಅಕ್ಷರಕ್ಕಿಂತ ನನ್ನ ಬೆನ್ನಿಗೇ ಹೆಚ್ಚು ಆಸರೆ ಕೊಟ್ಟಿತ್ತು. ಆದರೆ ಗಿರಾಕಿ ಮುಂದೆ ಅವರು ಬೇರೆಯೇ ಮನುಷ್ಯ. ಒಮ್ಮೆ ಕಂಪ್ಲಿಯಲ್ಲಿ ಒಂದು ಅಕ್ಕಿ ಗಿರಣಿ ಗೋಡೆಗೆ ಭತ್ತದ ತೆನೆ ಮತ್ತು ಎತ್ತು ಬರೆಯೋ ಕೆಲಸ ಸಿಕ್ತು. ಮೇಸ್ತ್ರಿ ಬರೆದ ಎತ್ತು ಅಂದ್ರೆ ಎತ್ತು, ಇನ್ನೇನು ಗೋಡೆ ಇಳಿದು ಬರ್ತದೆ ಅನ್ನೋ ಹಂಗೆ. ಗಿರಣಿ ಸಾವ್ಕಾರ್ರು ಬಂದ್ರು, ಎಲೆ ಅಡಿಕೆ ಅಗೀತಾ ನೋಡಿದ್ರು.

"ಏನ್ರಿ ಮೇಸ್ತ್ರಿ, ಎತ್ತಿಗೆ ಮೂರ ಕಾಲು?"

"ಒಂದು ಕಾಲು ಆ ಕಡಿ ಮರಿಯಾಗ ಐತ್ರಿ ಸಾವ್ಕಾರ್ರ. ನಿಂತ ರೀತಿ ಹಂಗೈತಿ."

"ಮರಿಯಾಗ ಇರೋ ಕಾಲಿಗೂ ನಾನ ಅಲ್ಲೇನ್ರಿ ಮೇವು ಹಾಕಾದು? ಎಳೀರಿ ಅದನ್ನ ಹೊರಗ!"

ನನಗೆ ನಗು ತಡೀಲಿಲ್ಲ, ಬಾಯಿಗೆ ಟವೆಲ್ ತುರುಕಿಕೊಂಡೆ. ಮೇಸ್ತ್ರಿ ನಗಲಿಲ್ಲ. ಏಣಿ ಹತ್ತಿ ನಾಲ್ಕನೇ ಕಾಲು ಬರೆದ್ರು. ಸುಗ್ಗಿಯಲ್ಲಿ ಭತ್ತದ ಗಾಡಿ ಹೊಡ್ಕೊಂಡು ಬಂದ ರೈತರು ಆ ಗೋಡೆ ಮುಂದೆ ನಿಂತು, "ನೋಡಲೇ, ನಾಕೂ ಕಾಲು ಎಷ್ಟು ಚಂದ ಊರೈತಿ" ಅಂತ ಹೊಗಳೋರು. ಕಾಲು ಬರೆದ ದಿನ ಬಸ್ಸಲ್ಲಿ ವಾಪಸ್ ಬರುವಾಗ ಮೇಸ್ತ್ರಿ ಹೇಳಿದ್ರು, "ನೀ ಬಸ್ ಹತ್ತಿ ಹೊಂಟ್ ಹೋಗ್ತಿ. ಅವರು ದಿನಾ ನೋಡಬೇಕಲೇ." ಆಗ ಆ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಆಮೇಲೆ ಬಂತು ನೋಡ್ರಿ ಗಣಿ ಕಾಲ. ಏನಂತ ಹೇಳ್ಲಿ! ಸಂಡೂರು ರಸ್ತೆಯಲ್ಲಿ ಕಬ್ಬಿಣದ ಅದಿರು ತುಂಬಿದ ಟಿಪ್ಪರ್ ಹಿಂದೆ ಟಿಪ್ಪರ್, ಅದರ ಹಿಂದೆ ಟಿಪ್ಪರ್, ಇರುವೆ ಸಾಲು ಕೂಡ ನಡುವೆ ಜಾಗ ಬಿಡ್ತದೆ, ಇವು ಬಿಡ್ತಿರಲಿಲ್ಲ. ಊರಿಗೆ ಊರೇ ಕುಂಕುಮದ ಡಬ್ಬಿಯೊಳಗೆ ಬಿದ್ದಂಗೆ. ಒಗೆದು ಹಾಕಿದ ಬಿಳಿ ಪಂಚೆ ಒಣಗೋದ್ರೊಳಗೆ ಕೆಂಪಾಗೋದು. ಹೊಸ ಗಾಡಿ ಬಂತು ಅಂದ್ರೆ ಮಾಲೀಕರಿಗೆ ಮಗಳ ಹೆಸರು ಬೇಕು, ಮನೆದೇವರು ಬೇಕು, ಹದ್ದು ಬೇಕು, ಹುಲಿ ಬೇಕು, ಎಲ್ಲಾ ಜಲ್ದಿ ಬೇಕು! ನಾನು ಉಣ್ಣೋಕೂ ಪುರುಸೊತ್ತಿಲ್ಲದೆ ಬರೆದೆ. ಅದರ ಹಿಂದೆಯೇ ಫ್ಲೆಕ್ಸ್ ಮಷಿನ್ ಬಂತು. ನಾವು ಬೆವರು ಸುರಿಸಿ ಬರೆಯೋ ಬೋರ್ಡು ಅದರ ಬಾಯಿಂದ ಹಂಚಿನಿಂದ ರೊಟ್ಟಿ ಇಳಿದಂಗೆ ಇಳಿಯೋದು. ಅಂಗಡಿ ಬೋರ್ಡಿನ ಕೆಲಸ ಅಲ್ಲಿಗೆ ಮುಗೀತು, ಲಾರಿ ಕೆಲಸ ಮಾತ್ರ ಉಳೀತು.

ಆ ದಿನಗಳಲ್ಲೇ ಹುಲಿಗೆಕ್ಕ ನನ್ನನ್ನ ಕರೆದಿದ್ದು.

ಚಿತ್ತವಾಡ್ಗಿಯಲ್ಲಿ ನಮ್ಮದೊಂದು ಓಣಿ. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಮುಚ್ಚಿಹೋದ ಬೆಲ್ಲದ ಗೋದಾಮಿನ ಉದ್ದಾನೆ ಗೋಡೆ. ಆ ಗೋಡೆ ಇಡೀ ಹೊಸಪೇಟೆಗೆ ಮೂತ್ರಿ. ಟಿಪ್ಪರ್‌ನವರು, ಆಟೋದವರು, ದಾರಿಹೋಕರು, ಎಲ್ಲಾ ಅಲ್ಲೇ. ಬುಡದಲ್ಲಿ ಕಸದ ಗುಡ್ಡೆ, ಮೇಲೆ ಕೆಂಪು ಧೂಳಿನ ಪದರ. ಹೆಣ್ಣುಮಕ್ಕಳು ಆ ಓಣಿ ಬಿಟ್ಟು ಸುತ್ತು ಹಾಕಿ ಹೋಗೋರು. ಆಟೋದವರು "ಚಿತ್ತವಾಡ್ಗಿ ಬರ್ತೀನಿ, ಆ ಓಣಿಗೆ ಬರಂಗಿಲ್ಲ" ಅನ್ನೋರು. ಆ ಗೋಡೆಗೆ ಸರಿಯಾಗಿ ಎದುರಿಗೆ ಹುಲಿಗೆಕ್ಕನ ಖಾನಾವಳಿ.

ಹುಲಿಗೆಕ್ಕ ಬಂಡ್ರಿಯವಳು. ಹರೆಯದಲ್ಲಿ ಗಣಿಯಲ್ಲಿ ಬುಟ್ಟಿ ಹೊತ್ತವಳು. ಎದೆಯೊಳಗೆ ಧೂಳು ಕೂತು ಕೆಮ್ಮು ಹತ್ತಿದ ಮೇಲೆ ಅದನ್ನ ಬಿಟ್ಟು, ಕಿವಿ ಕೇಳಿಸದ ತಾಯಿಯನ್ನ ಕರ್ಕೊಂಡು ಬಂದು ಇಲ್ಲಿ ಒಲೆ ಹಚ್ಚಿದ್ದಳು. ತಾಯಿ ಜ್ವಾಳದ ರೊಟ್ಟಿ ಬಡಿಯೋದು, ಮಗಳು ಕೋಳಿ ಸಾರು, ಖೈಮಾ ಉಂಡಿ ಮಾಡೋದು. ಆ ಖೈಮಾ ಉಂಡಿ ನೆನೆಸಿಕೊಂಡ್ರೆ ಈಗಲೂ ಬಾಯಲ್ಲಿ ನೀರು ಬರ್ತದೆ, ಸುಳ್ಳಲ್ಲ. ಆದರೆ ಆ ನಾತದ ಎದುರು ಕೂತು ಉಣ್ಣೋರು ಎಷ್ಟು ಮಂದಿ ಇದ್ದಾರು?

"ಪಂಪಣ್ಣ, ದಸರಾ ಮಟ ನೋಡ್ತೀನಿ" ಅಂದಳು. "ಆಮ್ಯಾಲೆ ಒಲಿ ಆರಿಸಿ ಬಂಡ್ರಿಗೆ ಹೋಗಾಕಿ. ಮತ್ತ ಬುಟ್ಟಿ ಹೊರಾಕಿ."

"ಆ ಕೆಮ್ಮು ಇಟ್ಕೊಂಡೇನು?"

"ಕೆಮ್ಮಿಗೆ ಹೊಟ್ಟಿ ಇಲ್ಲ, ನಮಗೈತಿ. ನಿನ್ನ ಕೈಯಾಗ ಬಣ್ಣ ಐತಿ. ಈ ಗ್ವಾಡಿಗೆ ಏನರ ಮಾಡು."

ಅವತ್ತೇ ಗೋದಾಮಿನ ಮಾಲೀಕರನ್ನ ಕಂಡು ಕೇಳಿದೆ. "ಗ್ವಾಡಿ ಬೀಳಿಸಬ್ಯಾಡ, ಉಳಿದದ್ದು ಏನಾರ ಮಾಡ್ಕೋ" ಅಂದ್ರು.

ನನ್ನ ತಲೆ ಓಡಿದ್ದು ಎಲ್ಲಾ ಪೇಂಟರುಗಳ ತಲೆ ಓಡೋ ಕಡೆಗೇ. ಗೋಡೆಗೆ ಉಚ್ಚೆ ಹೊಯ್ಯೋದು ನಿಲ್ಲಬೇಕಾ? ದೇವರನ್ನ ಬರಿ! ಕಸ ತೆಗೆಸಿ, ಗೋಡೆ ತೊಳೆಸಿ, ಗಣಪತಿ, ಲಕ್ಷ್ಮಿ, ಹನುಮಪ್ಪ, ಮೂವರನ್ನೂ ಆಳೆತ್ತರಕ್ಕೆ ಬರೆದೆ. ನಮ್ಮಲ್ಲಿ ದೇವರ ಕಣ್ಣು ಕೊನೆಗೆ ಬರೆಯೋ ಪದ್ಧತಿ. ಸ್ನಾನ ಮಾಡಿ ಬಂದು, ಕರ್ಪೂರ ಹಚ್ಚಿ, ಕಣ್ಣು ಬರೆದೆ. ಅವತ್ತಿನಿಂದ ಒಂದೇ ಒಂದು ತೊಟ್ಟು ಆ ಗೋಡೆಗೆ ಬೀಳಲಿಲ್ಲ! ಅವಸರದಲ್ಲಿ ಓಡಿ ಬಂದವರು ಹನುಮಪ್ಪನ ಮುಖ ನೋಡಿ, ಕೈ ಮುಗಿದು, ಹಂಗೇ ಓಡಿ ಹೋಗೋರು. ನಾನು ಎದೆ ಉಬ್ಬಿಸಿಕೊಂಡು ಓಣಿಯಲ್ಲಿ ಅಡ್ಡಾಡಿದ್ದೇ ಅಡ್ಡಾಡಿದ್ದು.

ಊದಿನಕಡ್ಡಿ ಬಂತು. ತೆಂಗಿನಕಾಯಿ ಬಂತು. ಓಣಿಯ ಬಾಯಲ್ಲಿ ಚಪ್ಪಲಿ ಬಿಟ್ಟು ಬರೋದು ಶುರುವಾಯ್ತು. ಅದೆಲ್ಲಾ ಸರಿ. ಹುಲಿಗೆಕ್ಕನ ಖಾನಾವಳಿಯಲ್ಲಿ ಮಾತ್ರ ನೊಣ ಹೊಡೆಯೋಕೂ ಜನ ಇಲ್ಲ.

ಕಾರಣ ತಿಳಿದದ್ದು ಯಂಕೋಬನಿಂದ. ಯಂಕೋಬ ಟಿಪ್ಪರ್ ಡ್ರೈವರ್, ಹುಲಿಗೆಕ್ಕನ ಕಾಯಂ ಗಿರಾಕಿ. ಒಂದು ಮಧ್ಯಾಹ್ನ ಖಾನಾವಳಿ ಬಾಗಿಲವರೆಗೂ ಬಂದ, ತಿರುಗಿ ಹನುಮಪ್ಪನ್ನ ನೋಡಿದ, ಕೆನ್ನೆ ಕೆನ್ನೆ ಬಡ್ಕೊಂಡು ಹೊಂಟ.

"ಯಾಕಲೇ ಯಂಕೋಬ, ಉಣ್ಣಂಗಿಲ್ಲೇನು?" ಅಂದೆ.

"ಪಂಪಣ್ಣ, ತಲಿ ಕೆಟ್ಟೈತೇನು ನಿನಗ? ಹನುಮಪ್ಪ ಹಂಗ ಕಣ್ಣು ಬಿಟ್ಕೊಂಡು ನೋಡಾಕತ್ಯಾನ. ಅವನ ಎದುರಿಗೆ ಕುಂತು ಎಲಬು ಕಡೀಲೇನು ನಾನು?"

ಒಳಗಿನಿಂದ ಹುಲಿಗೆಕ್ಕ ಸೌಟು ಹಿಡ್ಕೊಂಡೇ ಬಂದಳು. ನನಗೆ ಬೀಳ್ತದೆ ಅಂದುಕೊಂಡೆ.

"ನಾತ ಇದ್ದಾಗ ಮೂಗು ಮುಚ್ಕೊಂಡರ ಬಂದು ಉಣತಿದ್ರು. ಈಗ ಮೂಗು ಬಿಟ್ಟಾರ, ಬಾಯಿ ಮುಚ್ಯಾರ! ಚಲೋ ಮಾಡ್ದಿ ಅಣ್ಣ, ಭಾಳ ಚಲೋ ಮಾಡ್ದಿ!"

ದಸರಾ ಹತ್ತಿರ ಬಂದಿತ್ತು. ಅಳಿಸೋಣ ಅಂದ್ರೆ ಯಾರು ಅಳಿಸ್ತಾರೆ? ಕಣ್ಣು ಬಿಟ್ಟ ದೇವರ ಮೇಲೆ ಸುಣ್ಣ ಹೊಡೆಯೋ ಗಂಡು ಹೊಸಪೇಟೆಯಲ್ಲಿ ಹುಟ್ಟಿಲ್ಲ. ನನ್ನ ಕೈಯೂ ಏಳಲಿಲ್ಲ. ಕಂಪ್ಲಿಯ ನಾಲ್ಕು ಕಾಲಿನ ಎತ್ತು ಕಣ್ಣ ಮುಂದೆ ಬಂದು ನಿಂತ್ಕೊಂಡಿತು. ಗೋಡೆ ನೋಡಿದ್ದೆ, ಅದರ ಎದುರಿನ ಒಲೆಯ ಮೇಲೆ ಏನು ಬೇಯ್ತದೆ ಅನ್ನೋದನ್ನ ನೋಡಿರಲಿಲ್ಲ.

ಕೊನೆಗೆ ನಮ್ಮ ಓಣಿಯ ಹಿರಿಯರು, ರುದ್ರಯ್ಯನವರ ಹತ್ತಿರ ಹೋದೆ. ಓಣಿಯ ಮದುವೆ, ಗೃಹಪ್ರವೇಶ ಎಲ್ಲಾ ಮಾಡಿಸೋ ಅಯ್ಯನವರು. ಜಗಲಿ ಮೇಲೆ ಕೂತು ನನ್ನ ಕಥೆಯೆಲ್ಲಾ ಕೇಳಿದ್ರು.

"ಕಣ್ಣು ಬರದೀಯೇನು?"

"ಬರದೀನ್ರಿ ಅಯ್ಯನವರ."

"ಹಂಗಾರ ಸುಣ್ಣ ಹೊಡಿಯಂಗಿಲ್ಲ ಬಿಡು." ಗಡ್ಡ ಕೆರ್ಕೊಂಡ್ರು. "ನೀ ಬಾಡಿಗಿ ಮನಿ ಎಷ್ಟು ಸಲ ಬದಲಿ ಮಾಡೀಯ?"

"ಭಾಳ ಸಲ ಮಾಡೀನ್ರಿ."

"ದೇವರಿಗೂ ಒಂದು ಸಲ ಮಾಡ್ಸೋಣು. ಅದರಾಗ ಏನೈತಿ?"

ಎದ್ದು ಅವರ ಕಾಲಿಗೆ ಬಿದ್ದೆ. ಎಂಥಾ ತಲೆ ಅಂತೀರಿ! ದೊಡ್ಡ ತಗಡಿನ ಮೇಲೆ ಮೂವರು ದೇವರನ್ನೂ ಮತ್ತೆ ಬರೆದೆ, ಕಣ್ಣು ಮಾತ್ರ ಬಾಕಿ ಇಟ್ಟು. ನೀರಿನ ಟ್ಯಾಂಕಿನ ಹತ್ತಿರ ಬೇವಿನ ಕಟ್ಟೆ ಇತ್ತು, ಅದೇ ಹೊಸ ಮನೆ ಅಂತ ಆಯ್ತು. ಅಯ್ಯನವರು ಗೋಡೆಯ ಮುಂದೆ ಪೂಜೆ ಮಾಡಿ, "ಬರ್ರೆಪ್ಪ, ಇಲ್ಲಿ ಜಾಗ ಇಕ್ಕಟ್ಟಾತು, ಗಾಳಿ ಬೆಳಕು ಇರೋ ಕಡಿ ಹೋಗೋಣು" ಅಂತ ದೇವರನ್ನ ಕರೆದ್ರು. ನಾನು ತಗಡಿನ ಮೇಲೆ ಕಣ್ಣು ಬರೆದೆ. ಆಮೇಲೆ ಗೋಡೆಯ ಕಣ್ಣುಗಳನ್ನ ಹಾಲಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಣ್ಣ ಬಳಿದು ಮುಚ್ಚಿದೆ.

ಮೆರವಣಿಗೆಗೆ ಗಾಡಿ ಯಂಕೋಬನದೇ. ಟಿಪ್ಪರನ್ನ ಕಾಲುವೆಯಲ್ಲಿ ತಿಕ್ಕಿ ತಿಕ್ಕಿ ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂವು ಸುರಿದು ತಂದಿದ್ದ. ಅದಿರು ಹೊರೋ ತೊಟ್ಟಿಯಲ್ಲಿ ಜಮಖಾನ ಹಾಸಿ, ನಡುವೆ ದೇವರು, ಪಕ್ಕದಲ್ಲಿ ಅಯ್ಯನವರು. ಮುಂದೆ ಹಲಗೆ ಬಡಿತ, ಹಿಂದೆ ಇಡೀ ಓಣಿ. ನಾನು ಕುಣಿದೆ ರೀ! ನಾಚಿಕೆ ಗೀಚಿಕೆ ಬಿಟ್ಟು ಕುಣಿದೆ.

ಕಟ್ಟೆ ಬಂತು. ಯಂಕೋಬ ಗಾಡಿಯನ್ನ ಹಿಂದಕ್ಕೆ ತಗೊಂಡು ಕಟ್ಟೆಗೆ ಹಚ್ಚಿ ನಿಲ್ಲಿಸಿದ. ದಿನಾ ಮಾಡೋ ಕೆಲಸ ನೋಡ್ರಿ, ಗಾಡಿ ಹಿಂದಕ್ಕೆ ಹಚ್ಚಿದ ಕೂಡಲೇ ಅವನ ಕೈ ತಾನೇ ತೊಟ್ಟಿ ಎತ್ತೋ ಲಿವರ್‌ಗೆ ಹೋಯ್ತು. ಗುರ್ ಅಂತ ತೊಟ್ಟಿ ಮೇಲಕ್ಕೆ ಏಳೋಕೆ ಶುರು! ಚೆಂಡುಹೂವು ಜಾರಿ ಬಂತು, ತೆಂಗಿನಕಾಯಿ ಉರುಳಿ ಬಂದವು, ಅಯ್ಯನವರು ಹನುಮಪ್ಪನ್ನ ಗಟ್ಟಿಯಾಗಿ ತಬ್ಬಿಕೊಂಡು "ಲೇ ಯಂಕೋಬಾ! ನಾವೇನು ಅದಿರಲ್ಲೋ ಮಾರಾಯಾ!" ಅಂತ ಕೂಗಿದ್ರು. ಓಣಿಯೆಲ್ಲಾ ಹೋ ಅಂತು. ಯಂಕೋಬ ನಾಲಿಗೆ ಕಚ್ಚಿಕೊಂಡು ಇಳಿಸಿದ. ಸದ್ಯ, ಮೊಳದಷ್ಟೇ ಎದ್ದಿತ್ತು. ಕೆಳಗಿಳಿದ ಅಯ್ಯನವರು ಧೋತ್ರ ಸರಿಮಾಡಿಕೊಂಡು, "ದೇವರಿಗೆ ಜಲ್ದಿ ಇಳಿಯೋ ಮನಸ್ಸಿತ್ತು ಬಿಡ್ರಿ" ಅಂದ್ರು. ಅವರಿಗೂ ನಗು ತಡೆಯೋಕೆ ಆಗಲಿಲ್ಲ.

ದೇವರು ಬಿಟ್ಟುಹೋದ ಗೋಡೆಗೆ ಸುಣ್ಣ ಹೊಡೆದೆ, ಈಗ ಗೋಡೆ ಖಾಲಿ. ಏನು ಬರೆಯೋದು? ಈ ಸಲ ನಾನು ಬ್ರಷ್ ಮುಟ್ಟಲಿಲ್ಲ. ನೇರ ಹುಲಿಗೆಕ್ಕನ ಮುಂದೆ ಹೋಗಿ ಕುಂತೆ.

"ನೀ ಹೇಳವ್ವ. ದಿನಾ ನೋಡಾಕಿ ನೀನು."

ಅವಳು ಒಲೆಯ ಉರಿ ತಗ್ಗಿಸಿದಳು. ಗೋಡೆ ಕಡೆ ತಿರುಗಿದಳು. "ಮಂದಿನ ಬರಿ ಅಣ್ಣ. ಉಣ್ಣೋ ಮಂದಿನ. ನನ್ನ ಖಾನಾವಳಿ ಖಾಲಿ ಇದ್ರೂ ಎದುರಿಗೆ ಯಾರರ ಕುಂತು ಉಣ್ಣಾದು ಕಾಣ್ತಿರಲಿ."

ಅಷ್ಟು ಹೇಳಿದ್ದೇ ತಡ, ನನಗೆ ಇಡೀ ಗೋಡೆ ಕಣ್ಣಿಗೆ ಕಂಡುಬಿಡ್ತು. ಪಂಕ್ತಿ! ಈ ತುದಿಯಿಂದ ಆ ತುದಿವರೆಗೆ ಓಣಿಯ ಮಂದಿ ಸಾಲಾಗಿ ಚಕ್ಕಳಮಕ್ಕಳ ಹಾಕಿ ಉಣ್ಣೋಕೆ ಕುಂತಿರೋದು. ಓಡಿಹೋಗಿ ಬಣ್ಣ ತಂದೆ.

ಮೊದಲ ದಿನವೇ ಧೂಳು ಕಾಟ ಕೊಡ್ತು. ಸಂಜೆ ಬರೆದ ಬಿಳಿ ಬನಿಯನ್ ಬೆಳಗ್ಗೆ ನೋಡಿದ್ರೆ ಇಟ್ಟಿಗೆ ಬಣ್ಣ. ಹಸಿ ಎಣ್ಣೆಬಣ್ಣಕ್ಕೆ ಅದಿರಿನ ಧೂಳು ಹತ್ತಿಕೊಂಡಿತ್ತು. ಒರೆಸಿದೆ, ಮತ್ತೆ ಬರೆದೆ, ಮತ್ತೆ ಕೆಂಪು. ಸಿಟ್ಟು ನೆತ್ತಿಗೇರಿತು. ಆಗ ಹೊಳೀತು: ನಾವು ಕಬ್ಬಿಣಕ್ಕೆ ಮೊದಲು ಬಳಿಯೋ ರೆಡ್ ಆಕ್ಸೈಡ್‌ಗೂ ಈ ಧೂಳಿಗೂ ಅಣ್ಣತಮ್ಮರ ಸಂಬಂಧ. ರಸ್ತೆ ಬದಿಯ ಧೂಳನ್ನೇ ತುಂಬಿ ತಂದು, ಬಟ್ಟೆಯಲ್ಲಿ ಸೋಸಿ, ಎಣ್ಣೆಬಣ್ಣಕ್ಕೆ ಕಲೆಸಿ, ಇಡೀ ಗೋಡೆಗೆ ಹಿನ್ನೆಲೆಯಾಗಿ ಬಳಿದುಬಿಟ್ಟೆ. ಮಸ್ತ್ ಬಣ್ಣ! ಇನ್ನು ಎಷ್ಟು ಧೂಳಾದರೂ ಬೀಳಲಿ, ಹಿನ್ನೆಲೆಯ ಮೇಲೆ ಕಾಣೋದೇ ಇಲ್ಲ. ಮಂದಿಯನ್ನ ಮಾತ್ರ ಟಿಪ್ಪರ್‌ಗಳು ಓಡಾಡದ ಹೊತ್ತು ನೋಡಿ ಬರೆದು, ಒಣಗೋವರೆಗೂ ಹಳೆ ಸೀರೆಗಳನ್ನ ಮರೆ ಕಟ್ಟಿದೆ. ಓಣಿಯ ಹೆಂಗಸರೆಲ್ಲಾ ಸೀರೆ ತಂದುಕೊಟ್ರು.

ತಮ್ಮ ಮುಖ ಗೋಡೆ ಮೇಲೆ ಬರ್ತದೆ ಅಂದ ಮೇಲೆ ಕೇಳಬೇಕೇ? ಇಸ್ತ್ರಿ ಮಾಡೋನು ಹೊಸ ಅಂಗಿ ಹಾಕ್ಕೊಂಡು ಬಂದ. ತಂಬಾಕಿನ ಅಜ್ಜಿ "ಹಲ್ಲು ಪೂರಾ ಬರಿಯಪ್ಪ, ಉಣ್ಣೋದು ಹೆಂಗ?" ಅಂದಳು, ಪೂರಾ ಬರೆದೆ. ಯಂಕೋಬನ ಕೈಯಲ್ಲಿ ದೊಡ್ಡ ಎಲಬು ಕೊಟ್ಟೆ. ರುದ್ರಯ್ಯನವರು ಮೆಲ್ಲಗೆ ಬಂದು, "ನಾನೂ ಕುಂದ್ರತೀನೋ. ಆದರ ಸಾಲು ಬಿಟ್ಟು ಚೂರು ದೂರ. ತಾಟಿನ್ಯಾಗ ಬರೇ ಬಾಳಿಹಣ್ಣು, ಮನ್ಯಾಗ ನೋಡ್ತಾರ" ಅಂದ್ರು. ಮಕ್ಕಳು ಹಟ ಹಿಡಿದದ್ದಕ್ಕೆ ಸಾಲಿನ ತುದಿಗೆ ದರೋಜಿ ಗುಡ್ಡದ ಕರಡಿಯನ್ನೂ ಕೂಡಿಸಿದೆ, ಮುಂದೆ ತಾಟು, ತಾಟಿನ ತುಂಬ ರೊಟ್ಟಿ. ಮೂಲೆಯಲ್ಲೊಂದು ಎತ್ತು, ನಾಲ್ಕೂ ಕಾಲು ಕಾಣೋ ಹಂಗೆ.

ಬಡಿಸೋ ಜಾಗ ಹುಲಿಗೆಕ್ಕನದು ಅಂತ ಬಿಟ್ಟಿದ್ದೆ. ರೊಟ್ಟಿ ಬುಟ್ಟಿ ಬರೆದೆ, ಸಾರಿನ ಬೋಗುಣಿ ಬರೆದೆ, ಸೌಟು ಬರೆದೆ. "ಬಾರವ್ವ, ನಿಂದೊಂದು ಮುಖ ಬಾಕಿ" ಅಂತ ಕರೆದೆ. ಅವಳು ಬಾಗಿಲಲ್ಲೇ ನಿಂತು ತಲೆ ಅಲ್ಲಾಡಿಸಿದಳು.

"ನಾ ಎದುರಿಗೇ ಇದೀನಲ್ಲ ಅಣ್ಣ. ನನ್ನ ಗ್ವಾಡಿಗೆ ಹಾಕಿದಿ ಅಂದ್ರ ನಾ ಇಲ್ಲಿಂದ ಹೋದಂಗ ಲೆಕ್ಕ. ಹೋದಾಗ ಬರಿಯಂತಿ, ಈಗ ಬ್ಯಾಡ."

"ಹೋಗೋ ಮಾತು ಯಾಕ ಈಗ?"

"ಅದಕ್ಕ ಹೇಳಿದ್ನಲ್ಲ, ಬರಿಬ್ಯಾಡ."

ಬಿಟ್ಟೆ. ದಸರಾ ಹೊತ್ತಿಗೆ ಮರೆ ಸೀರೆ ತೆಗೆದ್ವಿ. ಆಹಾ! ಓಣಿಗೆ ಓಣಿಯೇ ಬಾಯಿ ತೆರೆದು ನಿಂತಿತು. ಯಂಕೋಬ ತನ್ನ ಎಲಬು ತೋರಿಸೋಕೆ ಸ್ಟ್ಯಾಂಡಿನ ಡ್ರೈವರ್‌ಗಳನ್ನೆಲ್ಲಾ ಎಳಕೊಂಡು ಬಂದ. ಬಂದವರು ಬರೀ ನೋಡಿ ಹೋಗ್ತಾರಾ? ಎದುರಿಗೆ ಇಷ್ಟು ಮಂದಿ ಉಣ್ತಾ ಕೂತಿರೋದು ಕಂಡ್ರೆ ಯಾರಿಗೆ ಹಸಿವಾಗಲ್ಲ? ಖಾನಾವಳಿಯಲ್ಲಿ ಕುಂದ್ರೋಕೆ ಜಾಗ ಸಾಲದೆ ಗೋಡೆಯ ಬುಡದಲ್ಲೇ ಚಾಪೆ ಹಾಕಿದ್ರು. ಗೋಡೆ ಮೇಲೊಂದು ಪಂಕ್ತಿ, ನೆಲದ ಮೇಲೊಂದು ಪಂಕ್ತಿ! ಹಂಪಿ ನೋಡೋಕೆ ಬಂದ ಬಿಳಿಯರು ಸೈಕಲ್ ಹೊಡ್ಕೊಂಡು ಬಂದು ಕರಡಿಯ ಪಕ್ಕ ಕುಂತು ರೊಟ್ಟಿ ಮುರಿದ್ರು, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿದ್ರು. ಆಟೋದವರು ಈಗ "ಕರಡಿ ಓಣಿ, ಕರಡಿ ಓಣಿ" ಅಂತ ಕೂಗಿ ಹತ್ತಿಸಿಕೊಳ್ಳೋರು. ಹೆಣ್ಣುಮಕ್ಕಳು ಸುತ್ತು ಹಾಕೋದು ಬಿಟ್ರು. ಗೋಡೆಗೆ ಉಚ್ಚೆ ಹೊಯ್ಯೋಕೆ ಬಂದವನಿಗೆ ಹತ್ತು ಮನೆಯಿಂದ ಬೈಗುಳ: "ಲೇ, ಅದು ನಮ್ಮ ಮಾವನ ತಾಟಲೇ!"

ಇನ್ನೊಂದು ಪದ್ಧತಿ ತಾನಾಗಿಯೇ ಬಂತು. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿದ ಮೇಲೆ ಪ್ರತಿ ಮನೆಯವರೂ ಒದ್ದೆ ಬಟ್ಟೆ ತಂದು ಗೋಡೆ ಮೇಲಿನ ತಮ್ಮ ಮನೆಯವರ ಮುಖ ಒರೆಸಿ ಹೋಗೋರು. ಕರಡಿಯ ಪಾಳಿ ಮಕ್ಕಳದು. ನಾನು ಯಾರಿಗೂ ಹೇಳಿದ್ದಲ್ಲ. ಅದಕ್ಕೇ ಆ ಗೋಡೆ ಇಷ್ಟು ವರ್ಷ ತಾಳಿದ್ದು.

ಮುಂದೆ ಗಣಿ ಬಂದಾದವು. ಟಿಪ್ಪರ್‌ಗಳು ರಸ್ತೆ ಬದಿ ನಿಂತಲ್ಲೇ ತುಕ್ಕು ಹಿಡಿದ್ವು. ನನ್ನ ಲಾರಿ ಕೆಲಸವೂ ಹೋಯ್ತು. ಇನ್ನು ಹುಲಿಗೆಕ್ಕ ಒಲೆ ಆರಿಸ್ತಾಳೆ ಅಂತ ಊರೆಲ್ಲಾ ಮಾತಾಡಿತು. ನನಗೂ ಹೆದರಿಕೆ ಆಯ್ತು, ಸುಳ್ಳು ಯಾಕೆ ಹೇಳ್ಲಿ? ಗೋಡೆಯ ಆ ಖಾಲಿ ಜಾಗದ ಕಡೆ ನೋಡೋಕೆ ಮನಸ್ಸಾಗ್ತಿರಲಿಲ್ಲ. ಆದರೆ ಓಣಿಯ ಮಂದಿ ಬಿಟ್ಟುಕೊಡಲಿಲ್ಲ. ಟಿಪ್ಪರ್ ಬಿಟ್ಟು ಆಟೋ ಹಿಡಿದ ಯಂಕೋಬ ಸ್ಟೇಷನ್ನಿನಲ್ಲಿ ಇಳಿದವರನ್ನ ಹಂಪಿಗೆ ಕರ್ಕೊಂಡು ಹೋಗೋ ಮೊದಲು ಇಲ್ಲಿಗೇ ತಂದು ಇಳಿಸೋಕೆ ಶುರು ಮಾಡಿದ.

ಮೊನ್ನೆ ಮಧ್ಯಾಹ್ನ ಚಿತ್ರ ಕಲಿತ ಹುಡುಗಿಯರಿಬ್ಬರು ನನ್ನನ್ನ ಹುಡುಕಿಕೊಂಡು ಬಂದ್ರು, ಚೀಲದ ತುಂಬ ಸ್ಪ್ರೇ ಡಬ್ಬಿ. ಗೋಡೆಯನ್ನ ಈ ತುದಿಯಿಂದ ಆ ತುದಿವರೆಗೆ ನೋಡಿದ್ರು. ಅವರ ಕಣ್ಣಿನ ಹೊಳಪು ಕಂಡು ನನ್ನ ಎದೆ ತುಂಬಿಬಂತು. ಒಬ್ಬಳು ಬೋಗುಣಿಯ ಪಕ್ಕ ನಿಂತು ಕೇಳಿದಳು, "ಅಜ್ಜಾರ, ಇಲ್ಲಿ ಬಡಿಸೋರು ಒಬ್ಬರು ಬಿಟ್ಟು ಹೋಗ್ಯಾರಲ್ರಿ. ನಿಮಗ ಕೈ ನಡುಗ್ತಾವ ಅಂದ್ರಿ. ನಾವು ಬರದು ಪೂರ್ತಿ ಮಾಡ್ಲೇನ್ರಿ?"

ನಾನು ಬಾಯಿ ತೆರೆಯೋದರೊಳಗೆ ಎದುರಿನಿಂದ ಕೆಮ್ಮು ಕೇಳಿಸ್ತು, ಅದರ ಹಿಂದೆಯೇ ದನಿ.

"ಯಾರವ್ವ ಅದು, ನನ್ನ ಗ್ವಾಡಿಗೆ ಏರಸಾಕ ಬಂದಾಕಿ? ಕೈ ತೊಳ್ಕೊಂಡು ಬಂದು ಕುಂದ್ರಿ, ರೊಟ್ಟಿ ಆರಾಕತ್ಯಾವ!"